ಬೈಕಿನ ವೈರಿಂಗ್ ಕೈಕೊಟ್ಟಾಗ: ಲಕ್ಷಣ ಹಿಡಿದು ದೋಷ ಹುಡುಕುವ ಬಗೆ

ಬೈಕಿನ ಕರೆಂಟು ಕೈಕೊಟ್ಟರೆ ಹೆಚ್ಚಿನವರು ಮೊದಲು ಹೋಗುವುದು ಹೊಸ ಬ್ಯಾಟರಿ ತರಲು. ನಾಲ್ಕು ದಿನ ಎಲ್ಲ ಸರಿಯಿರುತ್ತದೆ, ಐದನೇ ದಿನ ಮತ್ತೆ ಅದೇ ಪಾಡು. ಬೈಕಿನಲ್ಲಿ ಬಿಡಿಭಾಗ ಕೆಡುವುದಕ್ಕಿಂತ ಜಾಯಿಂಟು ಕೆಡುವುದೇ ಜಾಸ್ತಿ. ಸಡಿಲವಾದ ಟರ್ಮಿನಲ್, ಹಸಿರು ಕಿಲುಬು ಹಿಡಿದ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಪ್ಲಗ್ಗು), ತುಕ್ಕಿನ ಮೇಲೆ ಕೂತ ಅರ್ತ್ (ಚಾಸಿಯ ಮೂಲಕ ಬ್ಯಾಟರಿ ಮೈನಸ್ಸಿಗೆ ಮರಳುವ ದಾರಿ) ಬೋಲ್ಟು, ಹ್ಯಾಂಡಲ್ ಬುಡದಲ್ಲಿ ಪ್ಲಾಸ್ಟಿಕ್ಕಿನ ಒಳಗೇ ತುಂಡಾದ ವೈರು: ಮುಕ್ಕಾಲು ಪಾಲು ಗೋಳು ಇಲ್ಲೇ ಇರುತ್ತದೆ ಎಂದುಕೊಂಡೇ ಶುರು ಮಾಡಿ. ಅಳತೆ ಮಾಡದೆ ಯಾವ ಸಾಮಾನನ್ನೂ ಕೊಳ್ಳಬೇಡಿ.

ಇಲ್ಲಿ ಹೇಳುವುದು 12 ವೋಲ್ಟಿನ, 100ರಿಂದ 200 ಸಿಸಿವರೆಗಿನ ದಿನಬಳಕೆಯ ಬೈಕುಗಳ ಬಗ್ಗೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಬೈಕುಗಳಿಗೂ ಬಹುಪಾಲು ಹೊಂದುತ್ತದೆ. ಆದರೆ ಅವುಗಳಲ್ಲಿ ಇಸಿಯು (ಎಂಜಿನನ್ನು ನಡೆಸುವ ಪುಟ್ಟ ಕಂಪ್ಯೂಟರ್) ಇರುವುದರಿಂದ ಕೆಲವು ಕಡೆ ಕೈ ಹಾಕಬಾರದು. ಅದನ್ನು ಆಯಾ ಜಾಗದಲ್ಲೇ ಹೇಳಿದೆ.

ಕೈ ಹಾಕುವ ಮುನ್ನ

ಬೇಕಾದ್ದು ಸ್ವಲ್ಪವೇ: ಕೆಲವೇ ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮಲ್ಟಿಮೀಟರ್, 10 ಎಂಎಂ ಸ್ಪ್ಯಾನರ್, ಸ್ಕ್ರೂಡ್ರೈವರ್, ನೀರುಪೇಪರ್, ಕಾಂಟಾಕ್ಟ್ ಕ್ಲೀನರ್ ಸ್ಪ್ರೇ, ಮತ್ತೆ ಮನೆಯಲ್ಲೇ ಮಾಡಿಕೊಳ್ಳುವ ಟೆಸ್ಟ್ ಲ್ಯಾಂಪ್. ಟೆಸ್ಟ್ ಲ್ಯಾಂಪ್ ಎಂದರೆ 12 ವೋಲ್ಟ್ 21 ವ್ಯಾಟಿನ ಬಲ್ಬು, ಅದರ ಹೋಲ್ಡರ್, ಎರಡು ವೈರು, ತುದಿಗೆ ಕ್ರೊಕಡೈಲ್ ಕ್ಲಿಪ್ಪು. ಅಷ್ಟೇ.

ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಮೊದಲು ಪ್ಲಸ್. ಪ್ಲಸ್ ಬೋಲ್ಟು ಬಿಚ್ಚುವಾಗ ಸ್ಪ್ಯಾನರ್ ಚಾಸಿಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ. ಉಂಗುರ, ಲೋಹದ ಬಳೆ, ವಾಚು ತೆಗೆದಿಡಿ. ಟ್ಯಾಂಕ್ ಬಿಚ್ಚಬೇಕಾದರೆ ಪೆಟ್ರೋಲ್ ಕಾಕ್ ಮುಚ್ಚಿ, ಪೈಪಿನಲ್ಲಿ ಉಳಿದ ಪೆಟ್ರೋಲನ್ನು ಬಾಟಲಿಗೆ ಇಳಿಸಿ. ಇಂಜೆಕ್ಷನ್ ಬೈಕುಗಳಲ್ಲಿ ಆ ಪೈಪಿನಲ್ಲಿ ಒತ್ತಡ ಇರುತ್ತದೆ, ಮನೆಯಲ್ಲಿ ಬಿಚ್ಚುವುದು ಬೇಡ. ನೀರು ಹಾಕುವ ಬ್ಯಾಟರಿಯಾದರೆ ಹತ್ತಿರ ಬೀಡಿ, ಬೆಂಕಿ ಬೇಡ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಬರುತ್ತದೆ.

ವೈರಿನ ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಹೀರೋ, ಹೋಂಡಾ ಬೈಕುಗಳಲ್ಲಿ ಹಸಿರು ಅರ್ತ್, ಕೆಂಪು ನೇರ ಬ್ಯಾಟರಿ, ಕಪ್ಪು ಕೀ ದಾಟಿ ಬಂದ ಪ್ಲಸ್. ಯಮಹಾದಲ್ಲಿ ಕಪ್ಪೇ ಅರ್ತ್, ಕೀ ದಾಟಿದ ಪ್ಲಸ್ ಕಂದು. ಮನೆಯ ವೈರಿಂಗಿನ ಲೆಕ್ಕ ಹಿಡಿದು ಕೈಗೆ ಸಿಕ್ಕ ವೈರನ್ನು ಚಾಸಿಗೆ ಮುಟ್ಟಿಸಿದರೆ ಫ್ಯೂಸ್ ಹೋದೀತು, ಅದೃಷ್ಟ ಕೆಟ್ಟಿದ್ದರೆ ಹಾರ್ನೆಸ್ಸೇ (ಬೈಕಿನ ವೈರುಗಳ ಇಡೀ ಕಟ್ಟು) ಸುಟ್ಟೀತು. ಮೊದಲು ಮೀಟರ್ ಇಟ್ಟು ನೋಡಿ.

ಕೀ ಹಾಕಿದರೆ ಏನೂ ಹತ್ತುತ್ತಿಲ್ಲ

ನ್ಯೂಟ್ರಲ್ ಲೈಟು, ಹಾರನ್, ಇಂಡಿಕೇಟರ್ ಎಲ್ಲವೂ ಒಟ್ಟಿಗೇ ಸತ್ತಿದ್ದರೆ ಖುಷಿಪಡಿ, ಇದು ಹಿಡಿಯಲು ಸುಲಭದ ದೋಷ. ಎಲ್ಲಕ್ಕೂ ಸಾಮಾನ್ಯವಾದ ದಾರಿ ಒಂದೇ: ಬ್ಯಾಟರಿ, ಮೈನ್ ಫ್ಯೂಸ್, ಕೀ ಸ್ವಿಚ್, ಅರ್ತ್.

ಮೊದಲು ಬ್ಯಾಟರಿಯ ಎರಡೂ ಟರ್ಮಿನಲ್ಲನ್ನು ಕೈಯಿಂದ ಅಲುಗಾಡಿಸಿ. ಅಲುಗಿದರೆ ಬಿಗಿ ಮಾಡಿ. ಬಿಳಿ-ನೀಲಿ ಪುಡಿ ಕಟ್ಟಿದ್ದರೆ ಬ್ಯಾಟರಿ ಹೊರಗೆ ತೆಗೆದು, ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ. ಸೋಡಾ ನೀರು ಸೆಲ್ ಒಳಗೆ ಇಳಿಯಬಾರದು. ಒಣಗಿಸಿ, ಬಿಗಿ ಮಾಡಿ, ಮೇಲೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿ.

ಆಮೇಲೆ ಫ್ಯೂಸ್. ಕಣ್ಣಿಗೆ ಸರಿ ಕಂಡ ಫ್ಯೂಸನ್ನು ನಂಬಬೇಡಿ. ತಂತಿ ತಲೆಯ ಹತ್ತಿರ ಕೂದಲೆಳೆಯಷ್ಟು ಬಿಟ್ಟಿರುತ್ತದೆ. ಹೊರಗೆ ತೆಗೆದು ಮೀಟರಿನ ಬೀಪ್ ಮೋಡಿನಲ್ಲಿ ನೋಡಿ. ಫ್ಯೂಸ್ ಕೂರುವ ಹೋಲ್ಡರಿನ ಕಾಲುಗಳು ಸಡಿಲವಾಗಿ ಕಪ್ಪಾಗಿದ್ದರೆ ದೋಷ ಅಲ್ಲೇ ಇದೆ, ಹೋಲ್ಡರ್ ಬದಲಿಸಿ.

ಫ್ಯೂಸ್ ಸರಿಯಿದ್ದರೆ ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಪ್ರೋಬನ್ನು ಬ್ಯಾಟರಿ ಮೈನಸ್ಸಿಗೆ ಹಿಡಿದು, ಕೆಂಪು ಪ್ರೋಬಿನಿಂದ ಕೀ ಸ್ವಿಚ್ಚಿನ ಕಪ್ಲರ್ ನೋಡಿ. ಒಳಬರುವ ವೈರಿನಲ್ಲಿ 12 ವೋಲ್ಟ್ ಇದ್ದು, ಕೀ ಆನ್ ಮಾಡಿದಾಗ ಹೊರಹೋಗುವ ವೈರಿನಲ್ಲಿ ಇಲ್ಲವೆಂದರೆ ಕೀ ಸ್ವಿಚ್ಚು ಹೋಗಿದೆ. ಎರಡರಲ್ಲೂ ಇದ್ದು ಬೈಕು ಸತ್ತಿದ್ದರೆ ಅರ್ತ್ ನೋಡಿ. ಬ್ಯಾಟರಿ ಮೈನಸ್ ಕೇಬಲ್ ಚಾಸಿಗೆ, ಎಂಜಿನಿಗೆ ಕೂತಿರುವ ಬೋಲ್ಟು ಬಿಚ್ಚಿ, ಬಣ್ಣ, ತುಕ್ಕು ಹೋಗಿ ಲೋಹ ಹೊಳೆಯುವವರೆಗೆ ನೀರುಪೇಪರಿನಿಂದ ತಿಕ್ಕಿ ಕೂರಿಸಿ.

ಸೆಲ್ಫ್ ಒತ್ತಿದರೆ ಬರೀ ಟಕ್ ಟಕ್

ಸದ್ದಿಗೆ ಕಿವಿಗೊಡಿ. ಒಂದರ ಹಿಂದೆ ಒಂದು ಟಕಟಕ ಎಂದರೆ ಬ್ಯಾಟರಿ ಸೋತಿದೆ, ಅಥವಾ ದಪ್ಪ ಕೇಬಲ್ಲಿನ ಜಾಯಿಂಟು ಸಡಿಲ. ಒಂದೇ ಗಟ್ಟಿ ಟಕ್ ಬಂದು ಮೋಟರ್ ತಿರುಗದಿದ್ದರೆ ರಿಲೇಯ (ಸೆಲ್ಫ್ ಮೋಟರಿಗೆ ದೊಡ್ಡ ಕರೆಂಟು ಬಿಡುವ ಸ್ವಿಚ್ಚು) ಒಳಗಿನ ಕಾಂಟಾಕ್ಟು, ಇಲ್ಲವೇ ಮೋಟರಿನ ಕಾರ್ಬನ್ ಬ್ರಷ್. ಸದ್ದೇ ಇಲ್ಲವೆಂದರೆ ರಿಲೇಗೆ ಅಪ್ಪಣೆಯೇ ತಲುಪಿಲ್ಲ: ಕಿಲ್ ಸ್ವಿಚ್ಚು (ಹ್ಯಾಂಡಲಿನಲ್ಲಿರುವ ಎಂಜಿನ್ ಆಫ್ ಬಟನ್), ಕ್ಲಚ್ ಲಿವರ್ ಕೆಳಗಿನ ಸ್ವಿಚ್ಚು, ಈಚಿನ ಬೈಕಾದರೆ ಸೈಡ್ ಸ್ಟ್ಯಾಂಡ್ ಸ್ವಿಚ್ಚು. ಗೇರಿನಲ್ಲಿಟ್ಟು ಕ್ಲಚ್ ಹಿಡಿದರೂ ಸೆಲ್ಫ್ ಬಾರದೆ, ನ್ಯೂಟ್ರಲ್ಲಿನಲ್ಲಿ ಬಂದರೆ ಕ್ಲಚ್ ಸ್ವಿಚ್ಚೇ ಕಳ್ಳ. ಕೆಸರು ತೊಳೆದು ಸ್ಪ್ರೇ ಹೊಡೆದರೆ ಎಷ್ಟೋ ಸಲ ಸರಿಹೋಗುತ್ತದೆ.

ಬ್ಯಾಟರಿಯನ್ನು ಅಳೆಯುವುದು ಎರಡು ಹಂತದಲ್ಲಿ. ಬೈಕು ಆಫ್ ಆಗಿ ಕೆಲವು ಗಂಟೆ ಕಳೆದ ಮೇಲೆ 12.6 ವೋಲ್ಟ್ ಅಥವಾ ಮೇಲಿದ್ದರೆ ತುಂಬಿದೆ. 12.4 ಇದ್ದರೆ ಮುಕ್ಕಾಲು. 12.0 ಬಂದರೆ ಖಾಲಿಯಾದಂತೆಯೇ. ಆದರೆ ನಿಂತಲ್ಲಿ 12.6 ತೋರಿಸುವ ಮುದಿ ಬ್ಯಾಟರಿಗಳು ಬೇಕಾದಷ್ಟಿವೆ, ಅದಕ್ಕೇ ಎರಡನೇ ಹಂತ: ಪ್ರೋಬನ್ನು ಟರ್ಮಿನಲ್ಲಿಗೆ ಹಿಡಿದುಕೊಂಡೇ ಸೆಲ್ಫ್ ಒತ್ತಿ. 9.6ಕ್ಕಿಂತ ಕೆಳಗೆ ಜಾರಿದರೆ ಬ್ಯಾಟರಿಯನ್ನು ನಿಧಾನವಾಗಿ ಚಾರ್ಜ್ ಮಾಡಿ. ಅದರ ಆಂಪ್-ಅವರಿನ ಹತ್ತನೇ ಒಂದು ಪಾಲು ಸಾಕು, ಅಂದರೆ 5 ಆಂಪ್-ಅವರ್ ಬ್ಯಾಟರಿಗೆ ಅರ್ಧ ಆಂಪ್, 10ರಿಂದ 12 ಗಂಟೆ. ಆಮೇಲೂ ಹಾಗೇ ಜಾರಿದರೆ ಮಾತ್ರ ಹೊಸದು ತನ್ನಿ. ಕಾರಿನ ಚಾರ್ಜರಿನಲ್ಲಿ 5 ಆಂಪ್ ತಳ್ಳಿ ಒಂದು ಗಂಟೆಯಲ್ಲಿ ಮುಗಿಸಿದರೆ ಚಿಕ್ಕ ಬ್ಯಾಟರಿಯ ಪ್ಲೇಟು ಬಾಗುತ್ತದೆ.

ಬ್ಯಾಟರಿ 10.5ರ ಮೇಲೆ ನಿಂತಿದ್ದರೂ ಮೋಟರ್ ನರಳುತ್ತಿದ್ದರೆ, ಕೆಂಪು ಪ್ರೋಬನ್ನು ಎಂಜಿನಿನ ಬರೀ ಲೋಹಕ್ಕೆ, ಕಪ್ಪನ್ನು ಬ್ಯಾಟರಿ ಮೈನಸ್ಸಿಗೆ ಹಿಡಿದು ಸೆಲ್ಫ್ ಒತ್ತಿ. 0.2ರ ಸುತ್ತ ಇದ್ದರೆ ಅರ್ತ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಮೋಟರಿಗೆ ಸೇರಬೇಕಾದ ಶಕ್ತಿ ಅರ್ತ್ ಜಾಯಿಂಟಿನಲ್ಲಿ ಬಿಸಿಯಾಗಿ ಪೋಲಾಗುತ್ತಿದೆ. ಬೀಪ್ ಮೋಡಿನಲ್ಲಿ ಇದೇ ಜಾಯಿಂಟು ಲಕ್ಷಣವಾಗಿ ಬೀಪ್ ಎನ್ನುತ್ತದೆ. ಒಂದೇ ಎಳೆ ತಂತಿ ಉಳಿದಿದ್ದರೂ ಬೀಪಿಗೆ ಸಾಕು, ಮೋಟರಿಗೆ ಸಾಲದು.

ಫ್ಯೂಸ್ ಹಾಕಿದಷ್ಟೂ ಹೋಗುತ್ತಿದೆ

ದೊಡ್ಡ ಫ್ಯೂಸ್ ಹಾಕಬೇಡಿ. ಸಿಗರೇಟ್ ಪ್ಯಾಕಿನ ಫಾಯಿಲ್, ತಾಮ್ರದ ಎಳೆ ಸುತ್ತುವುದಂತೂ ಬೇಡವೇ ಬೇಡ. ಬ್ಲೇಡ್ ಫ್ಯೂಸುಗಳಲ್ಲಿ ಕೆಂಪು 10 ಆಂಪ್, ನೀಲಿ 15, ಹಳದಿ 20. ಕಂಪನಿ ಹೇಳಿದ ಬಣ್ಣವೇ ಇರಲಿ. ಫ್ಯೂಸ್ ಸುಡದಿದ್ದರೆ ಸುಡುವುದು ಟ್ಯಾಂಕಿನ ಕೆಳಗಿನ ಹಾರ್ನೆಸ್ಸು.

ಯಾವಾಗ ಹೋಗುತ್ತದೆ ಎಂಬುದನ್ನು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ. ಬ್ರೇಕ್ ಒತ್ತಿದಾಗ ಮಾತ್ರ ಹೋದರೆ ಹಿಂದಿನ ಮಡ್‌ಗಾರ್ಡ್ ಒಳಗಿನ ವೈರು ನೋಡಿ. ಅಲ್ಲಿ ಟೈರಿನಿಂದ ಹಾರುವ ಕಲ್ಲು, ಕೆಸರು ವೈರನ್ನು ಉಜ್ಜಿರುತ್ತದೆ. ಬಲ ಇಂಡಿಕೇಟರ್ ಹಾಕಿದಾಗ ಹೋದರೆ ಆ ಕಡೆಯ ಇಂಡಿಕೇಟರಿನ ಕಾಂಡದೊಳಗಿನ ವೈರು ನೋಡಿ. ಹಳ್ಳ ದಿಣ್ಣೆಯಲ್ಲಿ ಹೋದರೆ ಸೀಟಿನ ಕೆಳಗೆ, ಟ್ಯಾಂಕಿನ ಬುಷ್ ಪಕ್ಕ. ಬಹಳ ದಿನ ನಿಂತ ಬೈಕಾದರೆ ಇಲಿ ಕಡಿದಿದೆಯೇ ನೋಡಿ. ಕೊಟ್ಟಿಗೆಯಲ್ಲಿ, ಅಡಿಕೆ ಗೋದಾಮಿನಲ್ಲಿ ನಿಲ್ಲಿಸಿದ ಬೈಕಿನಲ್ಲಿ ಅದೇ ಮೊದಲ ಅನುಮಾನ.

ಸುಳಿವು ಸಿಗದಿದ್ದರೆ ಪೆಟ್ಟಿಗೆಗಟ್ಟಲೆ ಫ್ಯೂಸ್ ಸುಡುವ ಬದಲು ಟೆಸ್ಟ್ ಲ್ಯಾಂಪ್ ತನ್ನಿ. ಎಂಜಿನ್ ಆಫ್ ಇರಲಿ. ಫ್ಯೂಸ್ ತೆಗೆದು, ಅದರ ಎರಡು ಕಾಲಿನ ಜಾಗಕ್ಕೆ 21 ವ್ಯಾಟಿನ ಬಲ್ಬಿನ ಎರಡು ವೈರು ಸಿಕ್ಕಿಸಿ. ಈಗ ಎಲ್ಲಿ ಶಾರ್ಟ್ ಇದ್ದರೂ ಹರಿಯುವುದು ಹೆಚ್ಚೆಂದರೆ 1.75 ಆಂಪ್, ಯಾವ ವೈರೂ ಸುಡುವುದಿಲ್ಲ. ಹೆಡ್‌ಲೈಟಿನ ಕಪ್ಲರ್ ಮೊದಲೇ ಕಳಚಿಡಿ. 2017ರಿಂದ ಈಚಿನ ಬೈಕುಗಳಲ್ಲಿ ಹೆಡ್‌ಲೈಟಿಗೆ ಆಫ್ ಸ್ವಿಚ್ಚು ಇಲ್ಲ, ಅದರ ಹೊರೆಯೂ ಸೇರಿದರೆ ಲೆಕ್ಕ ತಪ್ಪುತ್ತದೆ.

ಕೀ ಆಫ್ ಇರುವಾಗಲೇ ಬಲ್ಬು ಪೂರ್ತಿ ಬೆಳಗಿದರೆ ಶಾರ್ಟ್ ಇರುವುದು ಫ್ಯೂಸಿಗೂ ಕೀ ಸ್ವಿಚ್ಚಿಗೂ ನಡುವೆ, ಇಲ್ಲವೇ ಆರ್‌ಆರ್ ಯೂನಿಟ್ಟಿನಲ್ಲಿ (ರೆಗ್ಯುಲೇಟರ್-ರೆಕ್ಟಿಫೈಯರ್: ಎಂಜಿನಿನಿಂದ ಬರುವ ಎಸಿ ಕರೆಂಟನ್ನು ಡಿಸಿ ಮಾಡಿ, ವೋಲ್ಟು ಹಿಡಿತದಲ್ಲಿಟ್ಟು ಬ್ಯಾಟರಿ ತುಂಬಿಸುವ ಪೆಟ್ಟಿಗೆ). ಆರ್‌ಆರ್ ಕಪ್ಲರ್ ಕಳಚಿ. ಬಲ್ಬು ಆರಿದರೆ ಯೂನಿಟ್ಟೇ ಹೋಗಿದೆ. ಕೀ ಆನ್ ಮಾಡಿದ ಮೇಲೆ ಬೆಳಗಿದರೆ ಒಂದೊಂದೇ ಕವಲು ಕಳಚುತ್ತ ಬನ್ನಿ: ಹಾರನ್, ಹಿಂದಿನ ಲೈಟಿನ ಕಪ್ಲರ್, ಇಂಡಿಕೇಟರ್ ಫ್ಲಾಷರ್ (ಅದನ್ನು ಮಿನುಗಿಸುವ ಡಬ್ಬಿ), ಮೀಟರ್ ಕನ್ಸೋಲ್. ಯಾವುದನ್ನು ಕಳಚಿದಾಗ ಬಲ್ಬು ಮಂಕಾಗುತ್ತದೋ ಶಾರ್ಟ್ ಆ ಕವಲಿನಲ್ಲಿದೆ. ಆಮೇಲೆ ಆ ಕವಲಿನ ವೈರನ್ನು ಅಂಗುಲ ಅಂಗುಲವಾಗಿ ಬೆರಳಿನಲ್ಲಿ ಅಲುಗಿಸಿ, ಬಲ್ಬಿನ ಮೇಲೆ ಕಣ್ಣಿಡಿ. ಮಿನುಗಿದ ಜಾಗವೇ ಗಾಯ.

ಹ್ಯಾಂಡಲ್ ತಿರುಗಿಸಿದರೆ ಲೈಟ್ ಹೋಗುತ್ತದೆ, ಎಂಜಿನ್ ನಿಲ್ಲುತ್ತದೆ

ಎಡಕ್ಕೆ ಪೂರ್ತಿ ತಿರುಗಿಸಿದಾಗ ಆಫ್, ನೇರ ಮಾಡಿದಾಗ ಸರಿ. ಇದನ್ನು ಬ್ಯಾಟರಿ, ಸಿಡಿಐ (ಪ್ಲಗ್ಗಿಗೆ ಕಿಡಿ ಕೊಡಿಸುವ ಯೂನಿಟ್) ಎಂದು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಹೆಡ್‌ಲೈಟಿನ ಹಿಂದೆ, ಚಾಸಿಯ ಕುತ್ತಿಗೆ ದಾಟುವಲ್ಲಿ ಹಾರ್ನೆಸ್ ಪ್ರತಿ ತಿರುವಿನಲ್ಲೂ ಮಡಚುತ್ತದೆ. ವರ್ಷಗಳು ಕಳೆದಂತೆ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ, ಮೇಲಿನ ಪ್ಲಾಸ್ಟಿಕ್ ಮಾತ್ರ ಏನೂ ಆಗದಂತೆ ನಿಂತಿರುತ್ತದೆ.

ಹೆಡ್‌ಲೈಟ್ ಕವಚ ಬಿಚ್ಚಿ, ಕೀ ಆನ್ ಮಾಡಿ, ಒಬ್ಬರು ಹ್ಯಾಂಡಲ್ ನಿಧಾನ ತಿರುಗಿಸುತ್ತಿರಲಿ. ಇನ್ನೊಬ್ಬರು ಒಂದೊಂದೇ ವೈರನ್ನು ಎರಡು ಬೆರಳಿನ ನಡುವೆ ಹಿಡಿದು ಮೆಲ್ಲಗೆ ಎಳೆದು ನೋಡಿ. ಒಳ್ಳೆಯ ವೈರು ಬಿಗಿಯಾಗಿ ನಿಲ್ಲುತ್ತದೆ. ಒಳಗೆ ತುಂಡಾದದ್ದು ರಬ್ಬರ್ ಬ್ಯಾಂಡಿನಂತೆ ಹಿಗ್ಗುತ್ತದೆ, ಆ ಜಾಗದಲ್ಲಿ ಸಣ್ಣಗಾಗುತ್ತದೆ. ಬೆರಳಿಗೆ ಅದು ಗೊತ್ತಾಗಿಯೇ ಆಗುತ್ತದೆ. ಅಲ್ಲಿ ಕತ್ತರಿಸಿದರೆ ತಾಮ್ರ ಹೊಳೆಯುತ್ತಿದ್ದರೆ ಜಾಯಿಂಟು ಮಾಡಬಹುದು. ಕಪ್ಪಾಗಿ ಪುಡಿಯಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಹಿಂದೆ ಕತ್ತರಿಸುತ್ತ ಹೋಗಿ, ನಡುವೆ ಹೊಸ ತುಂಡು ಸೇರಿಸಿ.

ಜಾಯಿಂಟನ್ನು ಆ ಮಡಚುವ ಜಾಗದಲ್ಲೇ ಇಡಬೇಡಿ. ಬೆಸುಗೆ ಹಾಕಿದ ವೈರು ಅಷ್ಟು ಉದ್ದಕ್ಕೆ ಕಡ್ಡಿಯಾಗುತ್ತದೆ. ಬಾಗಿದಾಗ ಬೆಸುಗೆ ಮುಗಿಯುವಲ್ಲಿ ಮತ್ತೆ ತುಂಡಾಗುತ್ತದೆ. ಮಡಿಕೆಯ ಎರಡೂ ಕಡೆ ನಾಲ್ಕೈದು ಅಂಗುಲ ದೂರದಲ್ಲಿ ಜಾಯಿಂಟು ಬರುವಂತೆ ಹೊಸ ವೈರು ಸೇರಿಸಿ. ನಾಲ್ಕು ವೈರು ಸೇರಿಸಬೇಕಾದರೆ ನಾಲ್ಕರ ಜಾಯಿಂಟೂ ಒಂದೇ ಕಡೆ ಬರದಂತೆ ಹಿಂದೆ ಮುಂದೆ ಮಾಡಿ. ಇಂಡಿಕೇಟರ್, ಹಿಂದಿನ ಲೈಟಿಗೆ 0.5 ಚದರ ಮಿಮೀ ವೈರು ಸಾಕು. ಹೆಡ್‌ಲೈಟ್, ಹಾರನ್ನಿಗೆ 1 ಚದರ ಮಿಮೀ. ಹೀಟ್ ಶ್ರಿಂಕ್ ಸ್ಲೀವನ್ನು ಬೆಸುಗೆಗೆ ಮುಂಚೆಯೇ ವೈರಿಗೆ ತೂರಿಸಿಡಿ, ಬೆಸುಗೆ ಆದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಬರೀ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದ ಜಾಯಿಂಟು ಬೇಸಿಗೆಯಲ್ಲಿ ಅಂಟು ಬಿಟ್ಟು, ಮಳೆಗಾಲದಲ್ಲಿ ನೀರು ಕುಡಿದು ಕಿಲುಬು ಹಿಡಿಯುತ್ತದೆ.

ಎರಡು ದಿನ ನಿಲ್ಲಿಸಿದರೆ ಬ್ಯಾಟರಿ ಡೌನ್

ಎರಡೇ ಸಾಧ್ಯತೆ: ನಿಂತಾಗ ಸೋರುತ್ತಿದೆ, ಅಥವಾ ಓಡುವಾಗ ತುಂಬುತ್ತಿಲ್ಲ.

ತುಂಬುತ್ತಿದೆಯೇ ಎಂಬುದನ್ನು ಮೊದಲು ನೋಡಿ, ಅದು ಸುಲಭ. ಎಂಜಿನ್ ಚಾಲೂ ಮಾಡಿ, ಬ್ಯಾಟರಿಯ ಮೇಲೆ ಮೀಟರ್ ಇಟ್ಟು, 4000–5000 ಆರ್‌ಪಿಎಂಗೆ ಏರಿಸಿ. 13.5ರಿಂದ 14.8ರೊಳಗೆ ಇದ್ದರೆ ಚಾರ್ಜಿಂಗ್ ಸರಿ. ಏರಿಸಿದರೂ 12.5ರಲ್ಲೇ ಕೂತಿದ್ದರೆ ತುಂಬುತ್ತಿಲ್ಲ. ತಕ್ಷಣ ಆರ್‌ಆರ್ ಯೂನಿಟ್ ಕೊಳ್ಳಬೇಡಿ, ಅದರ ಕಪ್ಲರ್ ಕಳಚಿ ನೋಡಿ. ಪ್ಲಾಸ್ಟಿಕ್ ಕಂದಾಗಿ ಕರಗಿದ್ದರೆ, ಪಿನ್ ಕಪ್ಪಾಗಿದ್ದರೆ ದೋಷ ಅದೇ. ಪಿನ್ನನ್ನು ಬದಲಿಸದೆ ಹೊಸ ಯೂನಿಟ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಮ್ಯಾಗ್ನೆಟ್ ಕಾಯಿಲಿನಿಂದ (ಎಂಜಿನ್ ಒಳಗೆ ಕರೆಂಟು ಹುಟ್ಟಿಸುವ ಸುರುಳಿ) ಒಂದೇ ಬಣ್ಣದ ಮೂರು ವೈರು ಬರುವ ಬೈಕಾದರೆ (ಸಾಮಾನ್ಯವಾಗಿ ಹಳದಿ) ಎಂಜಿನ್ ಆಫ್ ಮಾಡಿ, ಕಪ್ಲರ್ ಕಳಚಿ, ಎರಡೆರಡರ ನಡುವೆ ಓಮ್ ಅಳೆಯಿರಿ. ಮೂರೂ ಜೋಡಿಗಳಲ್ಲಿ ಹೆಚ್ಚುಕಮ್ಮಿ ಒಂದೇ ಕಡಿಮೆ ಅಂಕಿ ಬರಬೇಕು. ಯಾವುದೇ ವೈರಿನಿಂದ ಎಂಜಿನ್ ಬಾಡಿಗೆ ಸಂಪರ್ಕ ಸಿಗಬಾರದು. ಸಿಕ್ಕರೆ ಕಾಯಿಲ್ ಸುಟ್ಟಿದೆ. ಎಂಜಿನ್ ಓಡುವಾಗ ಈ ವೈರುಗಳ ನಡುವೆ ಹತ್ತಾರು ವೋಲ್ಟ್ ಎಸಿ ಇರುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ.

ಸೋರಿಕೆ ನೋಡಲು ಕೀ ಆಫ್ ಮಾಡಿ, ಮೈನಸ್ ಕೇಬಲ್ ಬಿಚ್ಚಿ, ಬ್ಯಾಟರಿ ಮೈನಸ್ಸಿಗೂ ಕೇಬಲ್ಲಿಗೂ ನಡುವೆ ಮೀಟರನ್ನು ಮೊದಲು 10 ಆಂಪ್ ಸಾಕೆಟಿನಲ್ಲಿ, ಕಡಿಮೆ ಬಂದರೆ ಮಿಲಿಆಂಪ್‌ನಲ್ಲಿ ಹಿಡಿಯಿರಿ. ಆಗ ಕೀ ಆನ್ ಮಾಡಿದರೆ ಮೀಟರಿನ ಫ್ಯೂಸೇ ಹೋಗುತ್ತದೆ. ಗಡಿಯಾರ, ಇಸಿಯು ಇರುವ ಬೈಕಿನಲ್ಲಿ ಕೆಲವೇ ಮಿಲಿಆಂಪ್ ಬರುವುದು ಸಹಜ. 50 ಮಿಲಿಆಂಪ್ ಬಂದರೆ 5 ಆಂಪ್-ಅವರ್ ಬ್ಯಾಟರಿ ನಾಲ್ಕು ದಿನಕ್ಕೆ ಪೂರ್ತಿ ಖಾಲಿ, ಎರಡು ದಿನಕ್ಕೇ ಸೆಲ್ಫ್ ಸೋಲುತ್ತದೆ. ಮೊದಲ ಅನುಮಾನ ಹೊರಗಿನಿಂದ ಹಾಕಿಸಿದ ಜಿಪಿಎಸ್, ಅಲಾರಂ, ಮೊಬೈಲ್ ಚಾರ್ಜರ್ ಮೇಲೆ. ಅವನ್ನು ಕಳಚಿದರೂ ಇಳಿಯದಿದ್ದರೆ ಆರ್‌ಆರ್ ಕಪ್ಲರ್ ಕಳಚಿ ನೋಡಿ, ಅದರ ಡಯೋಡ್ ಹಿಂದಕ್ಕೆ ಸೋರುತ್ತಿರಬಹುದು.

ಬಲ್ಬುಗಳು ಪದೇ ಪದೇ ಸುಡುತ್ತಿವೆ

ವೇಗ ಏರಿಸಿದಾಗ ಬ್ಯಾಟರಿಯ ಮೇಲೆ 15 ವೋಲ್ಟ್ ದಾಟಿದರೆ ಆರ್‌ಆರ್ ಯೂನಿಟ್ ಹಿಡಿತ ಬಿಟ್ಟಿದೆ. ಬ್ಯಾಟರಿ ಉಬ್ಬುವುದು, ಕೊಳೆತ ಮೊಟ್ಟೆಯ ವಾಸನೆ ಬರುವುದು ಅದರ ಜೊತೆಗಾರ ಲಕ್ಷಣ. ಬೈಕು ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ. ಇಂಜೆಕ್ಷನ್ ಬೈಕಾದರೆ ಬಲ್ಬಿನ ಜೊತೆ ಇಸಿಯು ಕೂಡ ಸುಡಬಹುದು, ಅದರ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಳಚಿ "ಚಾರ್ಜಿಂಗ್ ಇದೆಯಾ" ಎಂದು ನೋಡುವ ಹಳೆ ಪದ್ಧತಿಯೂ ಇದೇ ಕಾರಣಕ್ಕೆ ಅಪಾಯ.

ಇಂಡಿಕೇಟರ್ ಹುಚ್ಚಾಟ

ಒಂದು ಕಡೆ ಮಾತ್ರ ಬೇಗ ಬೇಗ ಮಿನುಗಿದರೆ, ಅಥವಾ ಮಿನುಗದೆ ಹತ್ತಿಯೇ ನಿಂತರೆ, ಆ ಕಡೆಯ ಒಂದು ಬಲ್ಬು ಹೋಗಿದೆ ಅಥವಾ ಅದರ ಅರ್ತ್ ಬಿಟ್ಟಿದೆ. ಎಲ್‌ಇಡಿ ಹಾಕಿಸಿದ ಮೇಲೆ ನಾಲ್ಕೂ ವೇಗವಾಗಿ ಮಿನುಗಿದರೆ ಫ್ಲಾಷರಿಗೆ ಹೊರೆ ಸಾಲುತ್ತಿಲ್ಲ, ಎಲ್‌ಇಡಿಯದೇ ಫ್ಲಾಷರ್ ಹಾಕಿ. ಒಂದು ಕಡೆ ಒತ್ತಿದರೆ ನಾಲ್ಕೂ ಮಿನುಗುವುದು ಇನ್ನೊಂದು ಕತೆ: ಬೈಕಿನ ಮೀಟರ್ ಕನ್ಸೋಲಿನಲ್ಲಿ ಎಡ ಬಲ ಎರಡಕ್ಕೂ ಒಂದೇ ಸೂಚಕ ಬಲ್ಬಿರುವ ಬೈಕಿನಲ್ಲಿ, ಅದರ ಮೂಲಕವೇ ಕರೆಂಟು ಇನ್ನೊಂದು ಕಡೆಗೆ ದಾಟುತ್ತದೆ. ಹಳೆ ಬಲ್ಬಿಗೆ ಅಷ್ಟು ಸಾಲದು, ಎಲ್‌ಇಡಿಗೆ ಸಾಕು. ಸೂಚಕ ಬಲ್ಬು ತೆಗೆದು ನೋಡಿದರೆ ಖಾತ್ರಿಯಾಗುತ್ತದೆ.

ಇಂಡಿಕೇಟರ್ ಹಾಕಿದಾಗ ಹಿಂದಿನ ಲೈಟೂ ತಾಳ ಹಾಕಿದರೆ, ಅಥವಾ ಬ್ರೇಕ್ ಒತ್ತಿದರೆ ಹಿಂದಿನ ಲೈಟು ಮಂಕಾದರೆ, ಹಿಂದುಗಡೆಯ ಅರ್ತ್ ಹೋಗಿದೆ. ಬ್ಯಾಟರಿ ಮೈನಸ್ಸಿನಿಂದ ಒಂದು ವೈರು ಎಳೆದು ಹಿಂದಿನ ಲೈಟಿನ ಅರ್ತಿಗೆ ಮುಟ್ಟಿಸಿ. ಎಲ್ಲ ನೆಟ್ಟಗಾದರೆ ರೋಗ ಸಿಕ್ಕಂತೆ.

ಹಾರನ್ ಮತ್ತು ಬ್ರೇಕ್ ಲೈಟ್

ನಿಂತಾಗ ಹಾರನ್ ಕೀರಲಾಗಿ, ಓಡುವಾಗ ಗಟ್ಟಿಯಾಗಿ ಬಂದರೆ ಬ್ಯಾಟರಿ ಕಡೆ ನೋಡಿ. ಯಾವಾಗಲೂ ಕೀರಲಾಗಿದ್ದರೆ ಬ್ಯಾಟರಿಯಿಂದ ನೇರ ಎರಡು ವೈರು ಕೊಡಿ. ಆಗ ಜೋರಾದರೆ ಬಟನ್ನಿನ ಒಳಗೆ ಕೊಳೆ, ಆಗಲೂ ಇಲ್ಲದಿದ್ದರೆ ಹಿಂದಿನ ಸ್ಕ್ರೂ ಕಾಲು ಸುತ್ತು ಆಚೀಚೆ ಮಾಡಿ. ಬ್ರೇಕ್ ಲೈಟು ಆರದೇ ಇದ್ದರೆ ಪೆಡಲ್ ಪಕ್ಕದ ಸ್ಪ್ರಿಂಗ್ ಸ್ವಿಚ್ಚಿನ ನಟ್ ತಿರುಗಿಸಿ ಸರಿಮಾಡಿ. 21 ವ್ಯಾಟು ಸದಾ ಉರಿಯುವುದು ಬ್ಯಾಟರಿಗೆ ಸಣ್ಣ ಹೊರೆಯಲ್ಲ.

ಮಳೆಯಲ್ಲಿ ನಿಲ್ಲುತ್ತದೆ, ಒಣಗಿದರೆ ಹೊರಡುತ್ತದೆ

ಪ್ಲಗ್ ಕ್ಯಾಪ್ ತೆಗೆದು ಒಳಗೆ ನೀರು, ಕಿಲುಬು ಇದೆಯೇ ನೋಡಿ. ಕ್ಯಾಪ್ ತಿರುಗಿಸಿ ಬಿಚ್ಚಬಹುದಾದ ಬೈಕಿನಲ್ಲಿ ದಪ್ಪ ವೈರಿನ ತುದಿಯನ್ನು 5 ಮಿಮೀ ಕತ್ತರಿಸಿ ಮತ್ತೆ ತಿರುಗಿಸಿ ಹಾಕಿ. ಕತ್ತಲಲ್ಲಿ ಎಂಜಿನ್ ಓಡಿಸಿ ಆ ವೈರಿನ ಮೇಲೆ ಸ್ವಲ್ಪ ನೀರು ಸಿಂಪಡಿಸಿದರೆ, ಸೀಳಿದ ಜಾಗದಲ್ಲಿ ನೀಲಿ ಕಿಡಿ ಹಾರುವುದು ಕಾಣುತ್ತದೆ. ಕೈಯಿಂದ ಹಿಡಿಯಬೇಡಿ, ಅಲ್ಲಿರುವುದು ಸಾವಿರಾರು ವೋಲ್ಟ್. ಕ್ಯಾಪ್ ಸರಿಯಿದ್ದರೆ ಕಿಲ್ ಸ್ವಿಚ್ಚು ಮತ್ತು ಸೈಡ್ ಸ್ಟ್ಯಾಂಡ್ ಸ್ವಿಚ್ಚು ಒಣಗಿಸಿ ನೋಡಿ. ವಾಟರ್ ಸರ್ವಿಸ್ ಮಾಡಿಸಿದ ಮರುದಿನ ಇದು ಶುರುವಾಗಿದ್ದರೆ ಪೈಪಿನ ಜೋರು ನೀರು ಸ್ವಿಚ್ಚಿನ ಒಳಗೆ ಹೋಗಿದೆ.

ಎಲ್ಲಿ ನಿಲ್ಲಿಸಬೇಕು

ಹಾರ್ನೆಸ್ಸಿನಲ್ಲಿ ಎರಡಕ್ಕಿಂತ ಹೆಚ್ಚು ವೈರು ಒಂದಕ್ಕೊಂದು ಕರಗಿ ಅಂಟಿದ್ದರೆ ತೇಪೆ ಬೇಡ, ಹೊಸ ಹಾರ್ನೆಸ್ ಹಾಕಿಸಿ. ಎಂಜಿನ್ ಚೆಕ್ ಲೈಟು ಹತ್ತಿಯೇ ಇದ್ದರೆ, ಎಬಿಎಸ್ ಲೈಟು ಓಡುವಾಗ ಆರದಿದ್ದರೆ ಅದನ್ನು ಓದುವ ಸ್ಕ್ಯಾನರ್ ಇರುವವರ ಬಳಿ ಒಯ್ಯಿರಿ. ಇಸಿಯು ಕಪ್ಲರಿನ ಪಿನ್ನಿಗೆ ಟೆಸ್ಟ್ ಲ್ಯಾಂಪ್ ಹಿಡಿಯಬೇಡಿ. 21 ವ್ಯಾಟಿನ ಹೊರೆ ಅದರ ಒಳಗಿನ ಟ್ರಾನ್ಸಿಸ್ಟರಿಗೆ ಜಾಸ್ತಿ. ಪೆಟ್ರೋಲ್ ವಾಸನೆ ಬರುತ್ತಿರುವಾಗ ಕಿಡಿ ಹಾರುವ ಯಾವ ಪರೀಕ್ಷೆಯೂ ಬೇಡ. ವಾರಂಟಿ ಇನ್ನೂ ಇರುವ ಬೈಕಿನಲ್ಲಿ ವೈರು ಕತ್ತರಿಸುವ ಮುನ್ನ ವಾರಂಟಿ ಕಾರ್ಡು ಓದಿ, ಕತ್ತರಿಸಿದ ಹಾರ್ನೆಸ್ಸಿನ ಮೇಲೆ ಕ್ಲೇಮು ಸಿಗುವುದು ಕಷ್ಟ.

ಮೆಕ್ಯಾನಿಕ್ ಹತ್ತಿರ ಹೋಗುವುದೇ ಆದರೆ ಈ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ: ನಿಂತಾಗಿನ ವೋಲ್ಟು, ಸೆಲ್ಫ್ ಒತ್ತಿದಾಗಿನದು, 5000 ಆರ್‌ಪಿಎಂನಲ್ಲಿನದು, ಸೋರಿಕೆಯ ಮಿಲಿಆಂಪ್, ಮತ್ತು ಯಾವ ಕಪ್ಲರ್ ಕಳಚಿದಾಗ ಏನು ಬದಲಾಯಿತು ಎಂಬುದು.